ಕರಾವಳಿಯ ವಿಶ್ವವಿದ್ಯಾನಿಲಯ, ಸರ್ಕಾರಿ ಕಾಲೇಜುಗಳ ಹಳೆಯ ಕಟ್ಟಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಹಂಪನಕಟ್ಟೆಯಲ್ಲಿರುವ ವಿಶ್ವವಿದ್ಯಾನಿಲಯ ಕಾಲೇಜಿನ ಮೂಲ 1868ಕ್ಕೆ ಹೋಗುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ. ಹೀಗೆ ಮುರಕಲ್ಲು (ಜಂಬಿಟ್ಟಿಗೆ)-ಸುಣ್ಣದ ಕಟ್ಟಡವೂ ಕಾಂಕ್ರೀಟ್ ಕಟ್ಟಡವೂ ಒಂದೇ ಆಡಳಿತದ ಕೆಳಗಿರುವ ಕಡೆಗಳಲ್ಲಿ ದುರಸ್ತಿಯ ಅಂದಾಜು ಪಟ್ಟಿ ಎರಡಕ್ಕೂ ಒಂದೇ ಅಚ್ಚಿನಲ್ಲಿ ಬರುವುದು ಸಾಮಾನ್ಯ. ಹಳೆಯ ಕಟ್ಟಡ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ. ಮಂಗಳೂರು, ಉಡುಪಿ ಕಡೆಯ ಪ್ರಾಂಶುಪಾಲರು, ಎಂಜಿನಿಯರಿಂಗ್ ವಿಭಾಗದವರು, ಹಳೆ ವಿದ್ಯಾರ್ಥಿ ಸಂಘದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಹಳೆಯದೆಲ್ಲ ಪಾರಂಪರಿಕ ಕಟ್ಟಡವೇ?

ಅಲ್ಲ. 1970ರ ದಶಕದ ಸೋರುವ ಆರ್‌ಸಿಸಿ ಶೆಡ್ಡಿಗೂ ವಯಸ್ಸಾಗಿದೆ, ಹಾಗೆಂದು ಅದನ್ನು ಉಳಿಸಬೇಕಾಗಿಲ್ಲ. ಮೂರು ಸಂಗತಿ ನೋಡಿ: ಕಟ್ಟಿದ ಕ್ರಮ ಈಗ ಅಪರೂಪವೇ (ಸುಣ್ಣದ ಗಾರೆ, ಮರದ ಮುಚ್ಚಿಗೆ, ಎರಕದ ಕಬ್ಬಿಣದ ಕಂಬ), ಊರಿನ ಚರಿತ್ರೆಯಲ್ಲಿ ಅದಕ್ಕೊಂದು ಜಾಗವಿದೆಯೇ, ಮೂಲ ರೂಪ ಎಷ್ಟು ಉಳಿದಿದೆ. ಮೂರರಲ್ಲಿ ಎರಡಕ್ಕೆ ಹೌದು ಎಂದಾದರೆ ಕೆಡವುವ ಮಾತಿಗಿಂತ ಮುಂಚೆ ಸಂರಕ್ಷಣಾ ವಾಸ್ತುಶಿಲ್ಪಿಯೊಬ್ಬರನ್ನು ಕರೆಸಿ ತೋರಿಸುವುದು ಲೇಸು. ಪರಂಪರೆಯ ಉಳಿವಿಗೆ ದುಡಿಯುವ ಇಂಟಾಕ್ ಸಂಸ್ಥೆಯ ಮಂಗಳೂರು ಘಟಕವಿದೆ, ವಿಚಾರಿಸಲು ಅದು ಹತ್ತಿರದ ಬಾಗಿಲು.

ನಮ್ಮ ಮಾಡಿನ ಹಂಚಿನ ಮೇಲೆ 1865 ಎಂದು ಅಚ್ಚಾಗಿದೆ. ಕಟ್ಟಡ ಅದೇ ವರ್ಷದ್ದೇ?

ಈ ತಪ್ಪು ಸ್ಮರಣ ಸಂಚಿಕೆಗಳಲ್ಲೂ ಅಚ್ಚಾಗುತ್ತದೆ. 1865 ಎಂಬುದು ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ. ಆ ಹಂಚು ಭಟ್ಟಿಯಿಂದ ಹೊರಬಂದ ವರ್ಷವಲ್ಲ. ಆಲ್ಬುಕರ್ಕ್ ಹಂಚಿನ ಮೇಲಿನ 1868ರ ಕಥೆಯೂ ಇದೇ. ಆದರೂ ಹಂಚು ಬೇರೆ ಬಗೆಯಲ್ಲಿ ಸಾಕ್ಷಿ ಹೇಳುತ್ತದೆ. ಮೊದಲ ಮಹಾಯುದ್ಧದ ಬಳಿಕ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು. ಹಂಚಿನಲ್ಲಿ ಯಾವ ಹೆಸರಿದೆ ಎಂಬುದರಿಂದ ಅದು ಯುದ್ಧಕ್ಕೆ ಹಿಂದಿನದೋ ಮುಂದಿನದೋ ಎಂದು ಊಹಿಸಬಹುದು. ಅದೂ ಹಂಚಿಗೆ ಮಾತ್ರ, ಗೋಡೆಗಲ್ಲ. ನೂರು ವರ್ಷದಲ್ಲಿ ಎಷ್ಟು ಸಲ ಹಂಚು ಬದಲಾಗಿದೆಯೋ! ಒಂದೇ ಮಾಡಿನಲ್ಲಿ ನಾಲ್ಕೈದು ಕಾರ್ಖಾನೆಗಳ ಹಂಚು ಬೆರೆತಿದ್ದರೆ ಅಚ್ಚರಿಪಡಬೇಡಿ. ಹಂಚು ಇಳಿಸುವಾಗ ಪ್ರತಿ ಹೆಸರಿನದೂ ಒಂದೊಂದು ಫೋಟೊ ತೆಗೆದು, ಯಾವ ಕೋಣೆಯ ಮೇಲೆ ಸಿಕ್ಕಿತೆಂದು ಬರೆದಿಡಿ.

ಹಾಗಾದರೆ ಕಟ್ಟಿದ ವರ್ಷ, ಹಳೆಯ ನಕಾಶೆ ಎಲ್ಲಿ ಸಿಗುತ್ತದೆ?

ಬೆಂಗಳೂರಿನಲ್ಲಿ ಹುಡುಕಿ ಸಿಗದೆ ಕೈಬಿಡುವವರು ಹೆಚ್ಚು. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಅದಕ್ಕೆ ಹಿಂದಿನ ಶಿಕ್ಷಣ ಇಲಾಖೆ, ಲೋಕೋಪಯೋಗಿ ಇಲಾಖೆಯ ಆದೇಶಗಳನ್ನು ಚೆನ್ನೈ ಎಗ್ಮೋರಿನ ತಮಿಳುನಾಡು ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಕಾಲೇಜಿನೊಳಗಂತೂ ಹಳೆಯ ದಾಸ್ತಾನು ಪುಸ್ತಕ, ವಾರ್ಷಿಕ ವರದಿ, ಗುಂಪು ಫೋಟೊಗಳೇ ಚಿನ್ನ. ಮೆಟ್ಟಿಲ ಮೇಲೆ ಸಾಲಾಗಿ ಕೂತ ಅಧ್ಯಾಪಕರ ಹಿಂದೆ ಕಿಟಕಿಯ ಮೂಲ ವಿನ್ಯಾಸ ಸ್ಪಷ್ಟವಾಗಿ ಕಾಣುತ್ತಿರುತ್ತದೆ.

'ಶಿಥಿಲ' ಎಂದು ವರದಿ ಬಂದಿದೆ. ಇನ್ನು ಕೆಡವುವುದೊಂದೇ ದಾರಿಯೇ?

ವರದಿಯನ್ನು ಪೂರ್ತಿ ಓದಿ. ಯಾವ ಕೋಣೆ, ಯಾವ ತೊಲೆ, ಯಾವ ಗೋಡೆ ಎಂದು ಬರೆದಿದೆಯೇ? 'ಕಟ್ಟಡವು ನೂರು ವರ್ಷಕ್ಕೂ ಹಳೆಯದಾಗಿದ್ದು ಬಳಕೆಗೆ ಯೋಗ್ಯವಲ್ಲ' ಎಂಬ ಒಂದೇ ಸಾಲಿದ್ದರೆ ಅದು ವಯಸ್ಸಿನ ಪ್ರಮಾಣಪತ್ರ, ರಚನೆಯ ಪರೀಕ್ಷೆಯಲ್ಲ. ಮುರಕಲ್ಲಿನ ಗೋಡೆಗೆ ಕಾಂಕ್ರೀಟಿನಂತೆ ಒಳಗೆ ತುಕ್ಕು ಹಿಡಿಯುವ ಕಬ್ಬಿಣವಿಲ್ಲ. ಅದರ ಆಯುಷ್ಯವನ್ನು ವರ್ಷದಲ್ಲಿ ಎಣಿಸಲಾಗದು.

ಹಾಗೆಂದು ಎಚ್ಚರಿಕೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಹಾನಿಯಾಯಿತು. 2022ರ ಅಕ್ಟೋಬರಿನ ಮಳೆಗೆ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಪಾಲು ಕುಸಿಯಿತು. ಅನುಮಾನವಿದ್ದ ಕೋಣೆಯಿಂದ ತರಗತಿಯನ್ನು ಅಂದೇ ಸ್ಥಳಾಂತರಿಸಿ, ತೊಲೆಯ ಕೆಳಗೆ ಆಸರೆ ಕೊಡಿ, ಆಮೇಲೆ ಪರೀಕ್ಷೆ ಮಾಡಿಸಿ. ಖಾಲಿ ಮಾಡುವುದು ಬೇರೆ, ಕೆಡವುವುದು ಬೇರೆ. ಇವೆರಡೂ ಒಂದೇ ಆದೇಶದಲ್ಲಿ ಬರುವುದೇ ಗೋಳು.

ಗೋಡೆಯಲ್ಲಿ ಬಿರುಕಿದೆ. ಅಪಾಯವೋ ಅಲ್ಲವೋ ತಿಳಿಯುವುದು ಹೇಗೆ?

ಬಿರುಕು ಇರುವುದಕ್ಕಿಂತ ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕಿನ ಎರಡೂ ಬದಿಗೆ ಒಂದೊಂದು ಸಣ್ಣ ಮೊಳೆ ಹೊಡೆದು, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ತಿಂಗಳಿಗೊಮ್ಮೆ ಅಳೆಯಿರಿ. ಭೌತಶಾಸ್ತ್ರದ ಲ್ಯಾಬಿನಲ್ಲಿ ಆ ಉಪಕರಣ ಬೇಕಾದಷ್ಟಿರುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ದಾಟುವ ತನಕ ಅಳೆಯಬೇಕು. ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗಿ ಮತ್ತೆ ಮೊದಲಿನ ಅಳತೆಗೆ ಬಂದರೆ ಸುಣ್ಣದ ಗಾರೆ ತುಂಬಿದರೆ ಸಾಕು. ಒಂದೇ ದಿಕ್ಕಿಗೆ ಹೆಚ್ಚುತ್ತ ಹೋದರೆ ಕಾರಣ ಹುಡುಕಬೇಕು: ಮೇಲೆ ಅಗಲ ಕೆಳಗೆ ಸಪೂರವಿದ್ದರೆ ಮಾಡು ಗೋಡೆಯನ್ನು ಹೊರಕ್ಕೆ ತಳ್ಳುತ್ತಿರಬಹುದು ಅಥವಾ ಗೋಡೆಯ ಮೂಲೆ ಕುಸಿಯುತ್ತಿರಬಹುದು. ಪಕ್ಕದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದ್ದಾರೆಯೇ, ನೀರಿನ ಪೈಪು ಒಡೆದಿದೆಯೇ, ಚರಂಡಿ ಕಟ್ಟಿಕೊಂಡು ನೀರು ನಿಂತಿದೆಯೇ ನೋಡಿ. ಒಂದು ಗಂಟೆಯಲ್ಲಿ ಬಂದು ನೋಡಿಹೋಗುವ ತಜ್ಞರಿಗೆ ಈ ಹನ್ನೆರಡು ತಿಂಗಳ ಅಳತೆ ಸಿಗುವುದಿಲ್ಲ, ಅದನ್ನು ನೀವೇ ಕೊಡಬೇಕು.

ಮಾಡು ಸೋರುತ್ತಿದೆ. ಹಂಚು ತೆಗೆದು ಸ್ಲ್ಯಾಬ್ ಹಾಕಿಸಿದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ?

ಮುಗಿಯುವುದಿಲ್ಲ, ಬೇರೆ ತರಹದ ಸೋರಿಕೆ ಶುರುವಾಗುತ್ತದೆ. ಮೊದಲು ನೀರಿನ ಲೆಕ್ಕ ಹಾಕಿ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಎಂದು ಹಿಡಿದರೆ, 500 ಚದರ ಮೀಟರಿನ ಒಂದು ಕಾಲೇಜು ಕಟ್ಟಡದ ಮೇಲೆ ಬೀಳುವುದು 17.5 ಲಕ್ಷ ಲೀಟರ್. 100 ಮಿ.ಮೀ. ಸುರಿದ ಒಂದೇ ದಿನದಲ್ಲಿ 50,000 ಲೀಟರ್. ಇಳಿಜಾರು ಮಾಡು ಇಷ್ಟನ್ನೂ ನಿಲ್ಲಲು ಬಿಡದೆ ಇಳಿಸುತ್ತದೆ, ಚಾಚಿದ ಸೂರು ಗೋಡೆಯಿಂದ ದೂರಕ್ಕೆ ಬೀಳಿಸುತ್ತದೆ. ಸ್ಲ್ಯಾಬ್ ಹಾಕಿದರೆ ಸೂರು ಹೋಯಿತು, ಗೋಡೆ ನೆನೆಯಿತು. ಜೊತೆಗೆ, ಹಂಚಿನ ಹಗುರ ಮಾಡಿಗೆಂದು ಕಟ್ಟಿದ ಗೋಡೆಯ ಮೇಲೆ ಕಾಂಕ್ರೀಟಿನ ಭಾರ ಕೂರುತ್ತದೆ. ಐದು ಇಂಚಿನ ಸ್ಲ್ಯಾಬ್ ಎಂದರೆ ಚದರ ಮೀಟರಿಗೆ 300 ಕೆ.ಜಿ.ಗೂ ಹೆಚ್ಚು, ಹಂಚು 40 ಕೆ.ಜಿ.ಯ ಆಸುಪಾಸು.

ಹಂಚಿನ ಮೇಲೆ ತಗಡಿನ ಶೀಟು?

ತುರ್ತಿಗೆ ಒಂದೆರಡು ಮಳೆಗಾಲ ತಳ್ಳಲು ಆಗಬಹುದು. ಆದರೆ ಪ್ರತ್ಯೇಕ ಕಂಬಗಳ ಮೇಲೆ, ಹಂಚಿಗೂ ಶೀಟಿಗೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ಹಾಕಬೇಕು. ಹಳೆಯ ಪಕ್ಕಾಸಿಗೇ (ಮಾಡನ್ನು ಹೊರುವ ಇಳಿಜಾರಿನ ಮರಕ್ಕೆ) ಬೋಲ್ಟ್ ಬಿಗಿದು ಹಾಕಿದರೆ ಗಾಳಿಗೆ ಶೀಟು ಎಳೆದಾಗ ಪಕ್ಕಾಸನ್ನೂ ಎಳೆಯುತ್ತದೆ. ಶೀಟು ಹಾಕಿದ ಮೇಲೆ ಕೆಳಗಿನ ಮರವನ್ನು ಯಾರೂ ನೋಡುವುದಿಲ್ಲ ಎಂಬುದು ಇನ್ನೂ ದೊಡ್ಡ ತೊಂದರೆ.

ಹಂಚು ಇಳಿಸಿ ಮತ್ತೆ ಹೊದಿಸುವ ಕ್ರಮವೇನು? ಎಷ್ಟು ಹಂಚು ಬೇಕು?

ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15, ಹಳೆಯ ಲೆಕ್ಕದಲ್ಲಿ 100 ಚದರ ಅಡಿಗೆ 140. ಅಳೆಯಬೇಕಾದ್ದು ನೆಲವನ್ನಲ್ಲ, ಇಳಿಜಾರನ್ನು. 500 ಚದರ ಮೀಟರ್ ಇಳಿಜಾರಿಗೆ 7,500 ಹಂಚು. ಇಳಿಸುವಾಗ ಒಡೆಯುವುದು, ಮೊದಲೇ ಬಿರುಕು ಬಿಟ್ಟದ್ದು ಎಲ್ಲ ಸೇರಿ ಹತ್ತರಲ್ಲೊಂದು ಹೋಗುತ್ತದೆಂದು ಹಿಡಿದು 750 ಹೆಚ್ಚುವರಿ ಕೂಡಿಡಿ.

ಆದರೆ ಹೊಸ ಹಂಚು ಹಳೆಯದರ ಜೊತೆ ಕೂರಬೇಕಲ್ಲ! ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ, ತೋಡು, ಕೊಕ್ಕೆ ಎಲ್ಲ ಸ್ವಲ್ಪ ಸ್ವಲ್ಪ ಬೇರೆ. ಹತ್ತು ಮಾದರಿ ತರಿಸಿ, ಹಳೆಯದರ ನಡುವೆ ಇಟ್ಟು ನೋಡಿಯೇ ಆರ್ಡರ್ ಕೊಡಿ. ಕೂರದಿದ್ದರೆ ಒಂದು ದಾರಿಯಿದೆ: ಒಳ್ಳೆಯ ಹಳೆ ಹಂಚನ್ನೆಲ್ಲ ಎದುರಿನ ಇಳಿಜಾರಿಗೆ ಒಟ್ಟುಮಾಡಿ, ಹಿಂದಿನ ಇಳಿಜಾರಿಗೆ ಪೂರ್ತಿ ಹೊಸದು ಹಾಕಿ. ಬೆರೆಸಿದರೆ ಪ್ರತಿ ಸಂದಿನಲ್ಲೂ ಸೋರುತ್ತದೆ.

ಪ್ರತಿ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ, ಮಂಕಾಗಿ ಡಬ್ ಎಂದರೆ ಕಣ್ಣಿಗೆ ಕಾಣದ ಬಿರುಕಿದೆ. ಪಾಚಿಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಪ್ರೆಶರ್ ವಾಷರ್ ಹಿಡಿದರೆ ಮೇಲ್ಮೈ ಸವೆದು ಹಂಚು ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಜೋಡಿಸಿಡುವಾಗ ಮಲಗಿಸಬೇಡಿ, ನಿಲ್ಲಿಸಿ. ಎರಡು ಮಾಡು ಕೂಡುವ ಕಡೆ ನೀರು ಹರಿಯುವ ತಗಡಿನ ದಂಬೆಯೇ ಅತಿ ಹೆಚ್ಚು ಸೋರುವ ಜಾಗ. ಅದನ್ನು ಹಳೆಯದೇ ಉಳಿಸಿಕೊಂಡು ಮೇಲೆ ಹಂಚು ಹೊದಿಸಿದರೆ ಇಡೀ ಕೆಲಸ ನೀರಲ್ಲಿ ಹೋಮ.

ಪಕ್ಕಾಸು, ರೀಪು (ಹಂಚು ಕೂರುವ ಅಡ್ಡಪಟ್ಟಿ) ಒರಲೆ (ಗೆದ್ದಲು) ತಿಂದಿದೆ. ಎಲ್ಲ ಬದಲಿಸಬೇಕೇ?

ಅಂದಾಜು ಪಟ್ಟಿಯಲ್ಲಿ 'ಎಲ್ಲ ಮರ ತೆಗೆದು ಕಬ್ಬಿಣದ ಟ್ರಸ್' ಎಂದಿದ್ದರೆ ಸಹಿ ಹಾಕುವ ಮೊದಲು ಆಚಾರಿಯೊಬ್ಬರನ್ನು ಅಟ್ಟಕ್ಕೆ ಹತ್ತಿಸಿ. ಹಳೆಯ ಸಾಗುವಾನಿ, ಬೋಗಿ, ಹಲಸಿನ ಮರ ಇಡೀ ಉದ್ದಕ್ಕೆ ಕೆಡುವುದು ಅಪರೂಪ. ಕೆಡುವುದು ಗೋಡೆಯೊಳಗೆ ಹುಗಿದ ತುದಿ, ಯಾಕೆಂದರೆ ಗೋಡೆಯ ತೇವ ಅಲ್ಲೇ ನಿಲ್ಲುತ್ತದೆ. ಸುತ್ತಿಗೆಯಿಂದ ತಟ್ಟುತ್ತ ಬನ್ನಿ, ಸದ್ದು ಪೊಳ್ಳಾದ ಕಡೆ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಅಲ್ಲಿಗೆ ಸೀಮೆಸುಣ್ಣದ ಗುರುತು.

ಕೊಳೆತಲ್ಲಿಂದ ಇನ್ನೂ ಒಂದಡಿ ಗಟ್ಟಿ ಮರ ಸೇರಿಸಿ ಕತ್ತರಿಸಿ, ಅದೇ ಜಾತಿಯ ಚೆನ್ನಾಗಿ ಒಣಗಿದ ಮರದ ತುಂಡನ್ನು ಓರೆ ಕಚ್ಚು ಹಾಕಿ ಕೂಡಿಸಬೇಕು. ಕಚ್ಚಿನ ಉದ್ದ ಪಕ್ಕಾಸಿನ ಆಳದ ಮೂರು ಪಟ್ಟಿರಲಿ: ಐದು ಇಂಚಿನ ಪಕ್ಕಾಸಿಗೆ ಹದಿನೈದು ಇಂಚು. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು, ಸಮುದ್ರದ ಗಾಳಿಗೆ ಮಾಮೂಲಿ ಕಬ್ಬಿಣ ಬಾಳುವುದಿಲ್ಲ. ಗೋಡೆಯೊಳಗೆ ಕೂರುವ ತುದಿಯ ಸುತ್ತ ಅರ್ಧ ಇಂಚು ಗಾಳಿ ಜಾಗ ಬಿಡಿ. ಮೇಸ್ತ್ರಿಗಳು ಚೆಂದ ಕಾಣಲೆಂದು ಅದನ್ನು ಸಿಮೆಂಟಿನಲ್ಲಿ ಮೆತ್ತಿಬಿಡುತ್ತಾರೆ, ಪಕ್ಕದಲ್ಲಿ ನಿಂತು ತಡೆಯಬೇಕು. ಹೊಸ ತುಂಡಿಗೆ ಬೊರಾಕ್ಸ್-ಬೋರಿಕ್ ಆಸಿಡ್ ದ್ರಾವಣ ಕುಡಿಸುವುದು ಒಳ್ಳೆಯದು. ಆದರೆ ಒರಲೆಗೆ ನಿಜವಾದ ಮದ್ದು ಸೋರಿಕೆ ನಿಲ್ಲಿಸುವುದು.

ರೀಪಿನ ಮಾತು ಬೇರೆ. ಅದು ಸಪೂರದ್ದು, ಬದಲಿಸುವುದೇ ಸುಲಭ. ಹಂಚಿನ ಅಳತೆ ಬದಲಾದರೆ ರೀಪಿನ ಅಂತರವೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ.

ಕೆಳಗಿನ ಮೂರು ಅಡಿ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದೆವು. ಎರಡೇ ವರ್ಷಕ್ಕೆ ಉಬ್ಬಿ ಉದುರಿತು. ಯಾಕೆ?

ಮುರಕಲ್ಲು ತೂತುತೂತಾದ ಕಲ್ಲು. ನೆಲದ ತೇವ ಅದರಲ್ಲಿ ಏರುತ್ತದೆ, ಸುಣ್ಣದ ಗಾರೆಯ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಮೂರು ಅಡಿಗಿಂತ ಮೇಲಕ್ಕೇರಿತು, ಅದರೊಡನೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿತು. ಹರಳು ಬೆಳೆದಂತೆ ಕಲ್ಲಿನ ಮೈ ಪುಡಿಯಾಗುತ್ತದೆ. ಉದುರಿದ ಸಿಮೆಂಟ್ ಹಾಳೆಯ ಬೆನ್ನು ತಿರುಗಿಸಿ ನೋಡಿ: ಕಾಲು ಇಂಚು ಕೆಂಪು ಮಣ್ಣು ಅಂಟಿರುತ್ತದೆ. ಅದು ಮಣ್ಣಲ್ಲ, ನಿಮ್ಮ ಗೋಡೆ.

ಈಗಿರುವ ಸಿಮೆಂಟನ್ನು ತೆಗೆಯುವ ಮೊದಲು ಒಂದು ಚದರ ಮೀಟರಿನಲ್ಲಿ ಸಣ್ಣ ಉಳಿಯಿಂದ ಪ್ರಯತ್ನಿಸಿ. ಕಲ್ಲನ್ನೂ ಕಿತ್ತುಕೊಂಡು ಬರುವಷ್ಟು ಹಿಡಿದಿದ್ದರೆ ತಾನಾಗಿ ಬಿಡುವ ತನಕ ಹಾಗೇ ಇರಲಿ. ಸುಲಭವಾಗಿ ಬಂದರೆ ಎಲ್ಲ ತೆಗೆದು, ಗೋಡೆಯನ್ನು ಒಂದು ಬೇಸಿಗೆ ಬರಿಮೈಯಲ್ಲಿ ಬಿಡಬೇಕು. ದಪ್ಪ ಗೋಡೆ ಆರುವುದು ತಿಂಗಳಿಗೆ ಹೆಚ್ಚೆಂದರೆ ಒಂದು ಇಂಚಿನ ಲೆಕ್ಕದಲ್ಲಿ. ಮೇಲೆ ಬಿಳಿ ಉಪ್ಪು ಕಂಡರೆ ಒಣ ಬ್ರಷ್ಷಿನಿಂದ ಗುಡಿಸಿ, ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ.

ಸುಣ್ಣದ ಗಾರೆಯ ಪ್ರಮಾಣ ಎಷ್ಟು?

ಮೊದಲು ನಿಮ್ಮ ಹಳೆಯ ಗಾರೆ ಏನು ಎಂದು ತಿಳಿಯಿರಿ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಸಾಕು. ಒಣಗಿಸಿದ 50 ಗ್ರಾಂ ಗಾರೆಯನ್ನು ಮೆಲ್ಲಗೆ ಪುಡಿಮಾಡಿ, ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಸುಣ್ಣ ನೊರೆಯೆದ್ದು ಕರಗುತ್ತದೆ, ಮರಳು ಉಳಿಯುತ್ತದೆ. ಸೋಸಿ, ತೊಳೆದು, ಒಣಗಿಸಿ ತೂಗಿದರೆ ಪ್ರಮಾಣ ಸಿಕ್ಕಿತು. ಕರಾವಳಿಯಲ್ಲಿ ಒಂದು ಎಚ್ಚರಿಕೆ: ಮರಳಿನಲ್ಲಿ ಚಿಪ್ಪಿನ ಚೂರಿದ್ದರೆ ಅದೂ ಕರಗಿ ಲೆಕ್ಕ ತಪ್ಪುತ್ತದೆ. ಮೊದಲೇ ಭೂತಗನ್ನಡಿಯಲ್ಲಿ ನೋಡಿಕೊಳ್ಳಿ.

ಹೊಸ ಗಾರೆಗೆ, ಸಾಮಾನ್ಯವಾಗಿ ಒಂದು ಪಾಲು ಸುಣ್ಣದ ಹಿಟ್ಟಿಗೆ (ನೀರಿನಲ್ಲಿ ಅರಳಿಸಿ ಸೋಸಿದ ಮುದ್ದೆ) ಮೂರು ಪಾಲು ತೊಳೆದ ಹೊಳೆ ಮರಳು. ತೇವ ಹೆಚ್ಚಿರುವ ಕೆಳಭಾಗಕ್ಕೆ ಒಂದು ಪಾಲು ಮರಳಿನ ಬದಲು ಹಂಚಿನ ಪುಡಿ; ಗಾಳಿ ತಗಲದ ಕಡೆಯೂ ಅದು ಗಟ್ಟಿಯಾಗಲು ನೆರವಾಗುತ್ತದೆ. ಒಡೆದ ಹಂಚು ಅಂಗಳದಲ್ಲೇ ಬಿದ್ದಿರುತ್ತದೆಯಲ್ಲ. ಕಡಲ ಮರಳು ಬೇಡವೇ ಬೇಡ. ಚಿಪ್ಪು ಸುಣ್ಣ ಸಿಕ್ಕರೆ ಒಳ್ಳೆಯದು. ಅರಳಿಸುವಾಗ ತೊಟ್ಟಿಯ ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕುದಿದು ಮುಖಕ್ಕೆ ಹಾರುತ್ತದೆ, ಕಣ್ಣು ಹೋದೀತು. ಸೋಸಿದ ಹಿಟ್ಟು ನೀರಿನಡಿ ಕನಿಷ್ಠ ಮೂರು ವಾರ ಕೂರಬೇಕು. ಅಂಗಡಿಯ ಪ್ಯಾಕೆಟ್ ಸುಣ್ಣ ಹಳೆಯದಾಗಿದ್ದರೆ ಗಾಳಿ ಹೀರಿ ಸತ್ತಿರುತ್ತದೆ. ಎರಡು ಹನಿ ವಿನೆಗರ್ ಬಿಟ್ಟು ನೋಡಿ, ಭರಭರ ನೊರೆ ಬಂದರೆ ಆ ಚೀಲ ವಾಪಸ್ ಕಳಿಸಿ.

ಒಂದು ಪದರ 12 ಮಿ.ಮೀ. ಮೀರಬಾರದು. ಪದರಗಳ ನಡುವೆ ಒಂದು ವಾರ ಬಿಡಿ, ಒದ್ದೆ ಗೋಣಿ ಕಟ್ಟಿ ನಿಧಾನವಾಗಿ ಆರಲು ಬಿಡಿ. ಬೆಲ್ಲದ ನೀರು, ಅಳಲೆಕಾಯಿ ಹಾಕಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಹದವಾಗಿ ಹಾಕಿದರೆ ಗಾರೆ ಬಳಿಯಲು ಹಿತ. ಹೆಚ್ಚಾದರೆ ನಮ್ಮ ಹವೆಗೆ ಬೂಸ್ಟು ಹಿಡಿಯುತ್ತದೆ.

ಬಣ್ಣ ಯಾವುದು?

ಸುಣ್ಣ. ತೆಳ್ಳಗೆ ನಾಲ್ಕೈದು ಸಲ. ಎಮಲ್ಷನ್, 'ವಾಟರ್‌ಪ್ರೂಫ್' ಬಣ್ಣಗಳು ಸಿಮೆಂಟಿನ ತಪ್ಪನ್ನೇ ಬೇರೆ ರೂಪದಲ್ಲಿ ಮಾಡುತ್ತವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ಎಮಲ್ಷನ್ ಬಳಿಯುವ ಪದ್ಧತಿ ಬಿಟ್ಟರೆ ಅರ್ಧ ಗೋಡೆಗಳು ಉಳಿದಾವು.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ. ಅದರಿಂದ ಕಟ್ಟಡಕ್ಕೇನು?

ಎತ್ತರ ನೋಡಿ. ಹಳೆಯ ಅಂಗಳದ ಮೇಲೆಯೇ ಜಲ್ಲಿಪುಡಿ, ಇಂಟರ್‌ಲಾಕ್ ಎಂದು ಆರೇಳು ಇಂಚು ಏರಿಸಿದರೆ ಕಟ್ಟಡದ ಪಂಚಾಂಗ (ಗೋಡೆಯ ಕೆಳಗಿನ ಕಟ್ಟೆ) ಅಷ್ಟು ಮುಳುಗಿತು. ಸೂರಿನ ನೀರು ಮಣ್ಣಿಗೆ ಇಂಗದೆ ಸಿಡಿದು ಗೋಡೆಗೇ ಬಡಿಯುತ್ತದೆ. ಗೋಡೆಯ ಸುತ್ತ ಎರಡಡಿ ಅಗಲ ಇಂಟರ್‌ಲಾಕ್ ಕಿತ್ತು ಹಳೆಯ ಮಟ್ಟಕ್ಕೆ ಇಳಿಸಿ, ಜಲ್ಲಿ ತುಂಬಿ, ಸೂರಿನ ನೀರು ಬೀಳುವ ಗೆರೆಯಲ್ಲಿ ತೆರೆದ ಚರಂಡಿ ಮಾಡಿ. ಖರ್ಚು ಕಡಿಮೆ, ಫಲ ಅದೇ ಮಳೆಗಾಲದಲ್ಲಿ ಕಾಣುತ್ತದೆ.

ಗೋಡೆಯಲ್ಲಿ ಅಶ್ವತ್ಥ, ಗೋಳಿ ಗಿಡ ಹುಟ್ಟಿದೆ.

ಎಳೆಯ ಸಸಿಯಾದರೆ ಇಂದೇ ಕಿತ್ತುಹಾಕಿ. ಹೆಬ್ಬೆರಳಿಗಿಂತ ದಪ್ಪವಾಗಿದ್ದರೆ ಎಳೆಯಬೇಡಿ, ಕಲ್ಲು ಕಿತ್ತುಬರುತ್ತದೆ. ಬುಡಕ್ಕೆ ಕತ್ತರಿಸಿ, ಹಸಿ ಗಾಯಕ್ಕೆ ಆಗಲೇ ಕಳೆನಾಶಕ ಹಚ್ಚಿ, ಬೇರು ಸತ್ತು ಒಣಗಿದ ಮೇಲೆ ತೆಗೆದು ಸುಣ್ಣದ ಗಾರೆ ತುಂಬಿ.

ಟೆಂಡರ್ ಕರೆದರೆ ಸಿಮೆಂಟ್ ಗುತ್ತಿಗೆದಾರರೇ ಬರುತ್ತಾರೆ. ಏನು ಮಾಡುವುದು?

ಸರ್ಕಾರಿ ಖರೀದಿ, ಗುತ್ತಿಗೆಗಳಿಗಿರುವ ಕರ್ನಾಟಕದ ಪಾರದರ್ಶಕತೆ ಕಾಯ್ದೆ (1999) ಕಡಿಮೆ ದರದವರಿಗೇ ಕಣ್ಣುಮುಚ್ಚಿ ಕೊಡಿ ಎನ್ನುವುದಿಲ್ಲ. ಎರಡು ಲಕೋಟೆಯ (ಅರ್ಹತೆಗೊಂದು, ದರಕ್ಕೊಂದು) ಟೆಂಡರ್ ಕರೆದು, ಸುಣ್ಣದ ಗಾರೆ ಮತ್ತು ಮರದ ಮಾಡಿನ ಕೆಲಸ ಮುಗಿಸಿದ ಅನುಭವವನ್ನು ತಾಂತ್ರಿಕ ಅರ್ಹತೆಯಾಗಿ ಇಡಬಹುದು. ದರಪಟ್ಟಿಯಲ್ಲಿಲ್ಲದ ಐಟಂಗಳಿಗೆ ದರ ವಿಶ್ಲೇಷಣೆ ಮಾಡಿ ಮಂಜೂರಾತಿ ಪಡೆಯಿರಿ. ಇದಕ್ಕೆ ಬೇಸತ್ತು 'ಪ್ಲಾಸ್ಟರಿಂಗ್ 1:6' (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಎಂದು ಬರೆದರೆ ಗುತ್ತಿಗೆದಾರರನ್ನು ದೂರಿ ಪ್ರಯೋಜನವಿಲ್ಲ. ಕೆಲಸದ ಮೊದಲು ಒಂದು ಚದರ ಮೀಟರ್ ಮಾದರಿ ಗೋಡೆ ಮಾಡಿಸಿ ಒಪ್ಪಿಗೆ ಕೊಡುವ ಷರತ್ತೂ ಇರಲಿ.

ಇನ್ನು ಕಾಲ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆಂದು ಮಾರ್ಚಿನಲ್ಲಿ ಕಾರ್ಯಾದೇಶ ಕೊಟ್ಟರೆ, ಹಂಚು ಇಳಿಯುವುದು ಮೇ ತಿಂಗಳಲ್ಲಿ, ಮಳೆ ಹಿಡಿಯುವುದು ಜೂನ್ ಮೊದಲ ವಾರದಲ್ಲಿ. ತೆರೆದ ಮಾಡಿನ ಮೇಲೆ ಟಾರ್ಪಾಲು, ಕೆಳಗೆ ನೆನೆದ ಮುಚ್ಚಿಗೆ. ನೂರು ವರ್ಷ ನಿಂತ ಕಟ್ಟಡ ದುರಸ್ತಿಯ ಮಳೆಗಾಲದಲ್ಲೇ ಕೆಡುವುದು ಹೀಗೆ. ಮಳೆಗಾಲದಲ್ಲಿ ಅಂದಾಜು ಪಟ್ಟಿ, ಸೆಪ್ಟೆಂಬರಿನಲ್ಲಿ ಟೆಂಡರ್, ನವೆಂಬರಿನಲ್ಲಿ ಕೆಲಸ ಶುರು. ಪತ್ತನಾಜೆಯೊಳಗೆ (ತುಳುವರ ಹಬ್ಬ, ಮೇ ಕೊನೆಯ ವಾರದ ಹೊತ್ತಿಗೆ) ಮಾಡು ಮುಚ್ಚಿರಬೇಕು. ಎಲ್ಲ ಮಾಡನ್ನು ಒಟ್ಟಿಗೆ ಬಿಚ್ಚದೆ, ಒಂದು ವಾರದಲ್ಲಿ ಮುಚ್ಚಲಾಗುವಷ್ಟನ್ನೇ ಬಿಚ್ಚುವ ಷರತ್ತು ಹಾಕಿ.

ದುಡ್ಡು ಎಲ್ಲಿಂದ?

ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ ಚಾರಿತ್ರಿಕ ಮಹತ್ವದ ಕಟ್ಟಡಗಳ ಪುನರುಜ್ಜೀವನವೂ ಸೇರಿದೆ, ಹಾಗಾಗಿ ಕಂಪನಿಗಳಿಂದ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಕೇಳಬಹುದು. ಕೇಂದ್ರದ ರಾಷ್ಟ್ರೀಯ ಸಂಸ್ಕೃತಿ ನಿಧಿ (1996) ಇದೆ. ಹಳೆ ವಿದ್ಯಾರ್ಥಿಗಳಿದ್ದಾರೆ. ದೊಡ್ಡ ಮೊತ್ತ ಒಮ್ಮೆ ಸಿಗುವುದು ಅಷ್ಟು ಕಷ್ಟವಲ್ಲ, ವರ್ಷವರ್ಷದ ಸಣ್ಣ ಮೊತ್ತವೇ ಸಿಗುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀ ವಿಲಾಸ ಅರಮನೆ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ 2000ದ ದಶಕದಲ್ಲಿ ದುರಸ್ತಿಯಾಗಿ, ಎರಡು ದಶಕದೊಳಗೆ ಮತ್ತೆ ದುರಸ್ತಿಗೆ ಬಂತು. ದಾನಿಗಳಿಂದ ಬಂದ ಹಣದಲ್ಲಿ ಒಂದು ಪಾಲನ್ನು ಠೇವಣಿ ಇಟ್ಟು ಬಡ್ಡಿಯಲ್ಲಿ ಹಂಚು, ದಂಬೆ ನೋಡಿಕೊಳ್ಳುವುದು ಜಾಣತನ.

ಪುರಾತತ್ವ ಇಲಾಖೆಯ ಅನುಮತಿ ಬೇಕೇ?

ಕಟ್ಟಡ ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿದ್ದರೆ ಬೇಕು. ಪಟ್ಟಿಯಲ್ಲಿಲ್ಲದಿದ್ದರೂ, ಕಾರ್ಕಳದ ಚತುರ್ಮುಖ ಬಸದಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರಿಗೆ ನಿಯಂತ್ರಣವಿದೆ. ದುರಸ್ತಿಗೂ ಮೊದಲೇ ವಿಚಾರಿಸಿ.

ರ‍್ಯಾಂಪ್, ಎಸಿ, ವೈರಿಂಗ್ ಇವನ್ನೆಲ್ಲ ಹೇಗೆ ಸೇರಿಸುವುದು?

ಅಂಗವಿಕಲರಿಗೆ ಪ್ರವೇಶ ಕಲ್ಪಿಸುವುದು 2016ರ ಕಾಯ್ದೆಯಂತೆ ಕಡ್ಡಾಯ, ಪರಂಪರೆಯ ನೆಪ ನಡೆಯದು. 1:12 ಇಳಿಜಾರು ಎಂದರೆ 45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದ. ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು, ಬೇಕಾದಾಗ ತೆಗೆಯುವಂತೆ ಕಟ್ಟಿ. ವೈರು ಗೋಡೆ ಕೊರೆದು ಹೋಗಬಾರದು, ಮೇಲ್ಮೈಯಲ್ಲೇ ಪೈಪಿನಲ್ಲಿ ಹೋಗಲಿ. ಎಸಿಯ ನೀರು ಗೋಡೆಗೆ ಇಳಿಯದಂತೆ ನೋಡಿ. ಮುಚ್ಚಿಗೆಯ ಮೇಲಿನ ಅಟ್ಟದಲ್ಲಿ ಹಳೆಯ ಉತ್ತರಪತ್ರಿಕೆ, ಮುರಿದ ಬೆಂಚು ತುಂಬಿದ್ದರೆ ಮೊದಲು ಇಳಿಸಿ. ಒಂದು ಕಿಡಿಗೆ ಇಡೀ ಮಾಡು ಹೋಗುತ್ತದೆ.

ಮಳೆಗಾಲದಲ್ಲಿ ಯಾರು, ಏನು ನೋಡಬೇಕು?

ಜೋರು ಮಳೆ ಸುರಿಯುತ್ತಿರುವಾಗಲೇ ಒಬ್ಬರು ಟಾರ್ಚು, ಸೀಮೆಸುಣ್ಣ ಹಿಡಿದು ಅಟ್ಟಕ್ಕೆ ಹತ್ತಬೇಕು, ಕೆಳಗೊಬ್ಬರು ಕಾವಲಿಗೆ. ಕೋಣೆಯಲ್ಲಿ ಹನಿ ಬೀಳುವ ಜಾಗದ ನೇರ ಮೇಲೆ ಸೋರಿಕೆ ಇರುವುದು ಕಡಿಮೆ. ನೀರು ರೀಪು ಹಿಡಿದು ಹರಿದು, ಪಕ್ಕಾಸಿಗೆ ಇಳಿದು, ನಾಲ್ಕಾರು ಅಡಿ ಕೆಳಗೆ ತೊಟ್ಟಿಕ್ಕುತ್ತದೆ. ಒದ್ದೆ ಗೆರೆಯನ್ನು ಟಾರ್ಚಿನಲ್ಲಿ ಹಿಂಬಾಲಿಸಿ ಮೇಲಕ್ಕೆ ಹೋಗಿ, ಅದು ಶುರುವಾಗುವ ಹಂಚಿನ ಪಕ್ಕದ ಒಣ ಪಕ್ಕಾಸಿನ ಮೇಲೆ ಗುರುತು ಹಾಕಿ. ಬಿಸಿಲು ಬಂದ ದಿನ ಹಂಚು ಬದಲಿಸುವವರಿಗೆ ಆ ಗುರುತು ಬಿಟ್ಟರೆ ಬೇರೇನೂ ಕಾಣುವುದಿಲ್ಲ.